ಬೀಳುವ ಮನೆಯಲ್ಲಿ ಸಾಹೇಬರ ನಿದ್ದೆ

ಬಳಿಗಾರ ಓಣಿಯ ಹನ್ನೊಂದು ಮನೆ ಕೆಡವಿ ಅಲ್ಲೊಂದು ಮಾಲ್ ಕಟ್ಟಿಸಬೇಕೆಂದು ಸರ್ಕಾರಕ್ಕೆ ಮನಸ್ಸಾಯಿತು. ಗಟ್ಟಿ ಮನೆ ಕೆಡವಿದರೆ ಜನ ಕೋರ್ಟಿಗೆ ಹೋಗುತ್ತಾರೆ. ಅದಕ್ಕೇ ಭೂಸ್ವಾಧೀನದ ಸಾಹೇಬರು ಪಂಚನಾಮೆಯನ್ನು ಕಚೇರಿಯಲ್ಲೇ ಬರೆಸಿಕೊಂಡು ಬಂದರು: "ಈ ಮನೆಗಳು ಯಾವ ಗಳಿಗೆಯಲ್ಲಾದರೂ ಬೀಳುತ್ತವೆ. ಒಳಗೆ ಒಂದು ತಾಸು ಇರುವುದೂ ಅಪಾಯ." ಇನ್ನು ಓಣಿಯ ಐದು ಜನ ಪಂಚರ ಸಹಿಯಷ್ಟೇ ಬಾಕಿ.

ಮೊದಲ ಮನೆ ರೊಟ್ಟಿ ಮಾರುವ ಬಾಳವ್ವನದು.

"ಪಂಚರು ನಾಕಕ್ಕ ಬರ್ತಾರ್ರೀ. ಅಲ್ಲೀತನಕ ಎರಡು ರೊಟ್ಟಿ ತಿನ್ರಿ," ಎಂದಳು.

ಸಾಹೇಬರು ಎಣ್ಣೆಗಾಯಿ ಜೊತೆ ಐದು ತಿಂದರು. ಮೇಲೆ ಎರಡು ಲೋಟ ಮಜ್ಜಿಗೆ. ಮಣ್ಣಿನ ಮಾಳಿಗೆಯ ತಂಪಿಗೆ ಕಣ್ಣು ಎಳೆಯತೊಡಗಿದವು. ಬಾಳವ್ವ ನಡುಮನೆಯ ತೊಲೆಯ ಕೆಳಗೇ ಚಾಪೆ ಹಾಸಿ ದಿಂಬು ಕೊಟ್ಟಳು. ಸಾಹೇಬರ ಗೊರಕೆ ಶುರುವಾದದ್ದೇ ತಡ, ಪಕ್ಕದ ಮನೆಯಲ್ಲಿ ಕಾದು ಕೂತಿದ್ದ ಪಂಚರನ್ನು ಕರೆದಳು.

ನಾಲ್ಕಕ್ಕೆ ಎಚ್ಚರವಾದಾಗ ಐದೂ ಜನ ಸುತ್ತ ಕೂತಿದ್ದರು. ದಿಂಬಿನ ಪಕ್ಕ ಇಟ್ಟಿದ್ದ ಪಂಚನಾಮೆಗೆ ಸಹಿ ಬಿದ್ದಿತ್ತು. ಸಾಹೇಬರ ಮುಖ ಅರಳಿತು. ಆಮೇಲೆ ಸಹಿಗಳ ಮೇಲಿನ ಹೊಸ ಸಾಲು ಕಣ್ಣಿಗೆ ಬಿತ್ತು: "ಸದರಿ ಮನೆಯ ತೊಲೆಯ ಕೆಳಗೆ ಸಾಹೇಬರು ಎರಡೂವರೆ ತಾಸು ಗಡದ್ದಾಗಿ ನಿದ್ದೆ ಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ."

"ಇದನ್ನ ಯಾಕೆ ಬರೆದಿರಿ?" ಸಾಹೇಬರು ಗುಡುಗಿದರು.

"ಪಂಚನಾಮಿ ಅಂದ್ರ ಕಂಡದ್ದು ಬರೀಬೇಕಲ್ರೀ," ಎಂದಳು ಬಾಳವ್ವ.

"ಆ ಸಾಲನ್ನ ನಾನು ಹೊಡೆದು ಹಾಕ್ತೀನಿ!"

"ಹಾಕ್ರಿ ಸಾಹೇಬ್ರ. ನಿಮ್ಮ ಗೊರಕಿಗೇ ಬೀಳಲಾರದ ಮನಿ, ನಿಮ್ಮ ಪೆನ್ನಿಗೆ ಬಿದ್ದೀತೇನ್ರೀ?"