ಇಬ್ಬರು ಅಂಬಿಗರು ಮತ್ತು ದಂಡಸಂಹಿತೆ

"ಗುರುಗಳೇ, ನ್ಯಾಯಾಧಿಕಾರಿ ಧರ್ಮಿಷ್ಠನಾಗಿದ್ದರೆ ಸಾಲದೆ? ಯಾವ ಅಪರಾಧಕ್ಕೆ ಯಾವ ಶಿಕ್ಷೆ ಎಂದು ಮೊದಲೇ ಬರೆದಿಡುವ ದಂಡಸಂಹಿತೆ ಏಕೆ ಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಹೊಳೆಯ ಕಡವಿನಲ್ಲಿ ಇಬ್ಬರು ಅಂಬಿಗರಿದ್ದರು. ಕಿರಿಯ ಅಂಬಿಗ ಹಾಡುತ್ತ ಹುಟ್ಟು ಹಾಕುತ್ತಿದ್ದ. ಜನ ಅವನ ದೋಣಿಗೇ ಕಾಯುತ್ತಿದ್ದರು. ಹಿರಿಯ ಅಂಬಿಗನ ದೋಣಿ ಖಾಲಿ ನಿಂತಿರುತ್ತಿತ್ತು. ಆಚೆ ದಡದಿಂದ ಆ ಹಾಡು ಕೇಳಿದರೆ ಸಾಕು, ಅವನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು. ಒಂದು ದಿನ ಅವನ ಹೆಂಡತಿಯೇ ಒಲೆಯ ಮುಂದೆ ಅದೇ ಹಾಡನ್ನು ಗುನುಗಿದಳು. ಅವನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಹೋದ.

ಹೊಳೆ ತುಂಬಿ ಹರಿಯುವ ಕಾಲದಲ್ಲಿ ಒಮ್ಮೆ ಕಿರಿಯನ ದೋಣಿ ಸೆಳವಿಗೆ ಸಿಕ್ಕಿ ಹಿರಿಯನ ದೋಣಿಗೆ ಬಡಿದು, ಹಲಗೆಯೊಂದು ಸೀಳಿತು. ಹಿರಿಯ ನ್ಯಾಯಸಭೆಗೆ ಓಡಿದ.

"ಬೇಕೆಂದೇ ಮಾಡಿದ್ದಾನೆ ಸ್ವಾಮಿ. ಮತ್ತೆಂದೂ ಹುಟ್ಟು ಹಿಡಿಯದಂತೆ ಅವನ ಕೈ ಕಡಿಸಿ."

ನ್ಯಾಯಾಧಿಕಾರಿ ಸಾಕ್ಷಿಗಳನ್ನು ಕೇಳಿ, ದಂಡಸಂಹಿತೆಯನ್ನು ತೆರೆದ. "ಇದು ಎಚ್ಚರ ತಪ್ಪಿ ಆದದ್ದು. ದೋಣಿ ದುರಸ್ತಿ ಮಾಡಿಕೊಡಲಿ. ಇದಕ್ಕೆ ಇಷ್ಟೇ ದಂಡ."

"ಆ ಗ್ರಂಥಕ್ಕೇನು ಗೊತ್ತು ನನ್ನ ಸಂಕಟ? ಅದನ್ನು ಮುಚ್ಚಿಟ್ಟು ತೀರ್ಪು ಕೊಡಿ!" ಎಂದು ಹಿರಿಯ ಗೋಗರೆದ. ನ್ಯಾಯಾಧಿಕಾರಿ ಕದಲಲಿಲ್ಲ.

ಕಿರಿಯ ಬಂದು ಹೊಸ ಹಲಗೆ ಜೋಡಿಸಿದ. ಜೋಡಿಸುವಾಗಲೂ ಹಾಡುತ್ತಿದ್ದ. ಹಿರಿಯನಿಗೆ ತಾಳಲಾಗಲಿಲ್ಲ. ಕಿರಿಯ ಊಟಕ್ಕೆ ಹೋದದ್ದೇ ತಡ, ಅವನ ದೋಣಿಯ ಹಗ್ಗ ಕೊಯ್ದು ಸೆಳವಿಗೆ ನೂಕಿದ. ದೋಣಿ ಬಂಡೆಗೆ ಅಪ್ಪಳಿಸಿ ಚೂರಾಯಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕಂಡು ಕೂಗಿಕೊಂಡರು.

ಊರಿಗೆ ಊರೇ ಅವನನ್ನು ನ್ಯಾಯಸಭೆಗೆ ಎಳೆದು ತಂದಿತು. "ಇವನ ಕುತ್ತಿಗೆಗೆ ಕಲ್ಲು ಕಟ್ಟಿ ಹೊಳೆಗೆ ಎಸೆಯುತ್ತೇವೆ. ಅಪ್ಪಣೆಯಾಗಲಿ!"

ಅವನು ಸುತ್ತ ನೋಡಿದ. ಒಂದು ಮುಖದಲ್ಲೂ ಕನಿಕರವಿರಲಿಲ್ಲ. ನ್ಯಾಯಾಧಿಕಾರಿಯ ಕಾಲಿಗೆ ಬಿದ್ದ. "ಸ್ವಾಮಿ, ಗ್ರಂಥ ತೆರೆಯಿರಿ."

ನ್ಯಾಯಾಧಿಕಾರಿ ತೆರೆದು ಓದಿದ. "ಬೇಕೆಂದೇ ಮಾಡಿದ ಹಾನಿ. ಹೊಸ ದೋಣಿ ಕಟ್ಟಿಕೊಡಬೇಕು, ಒಂದು ವರ್ಷ ಸೆರೆಯಲ್ಲಿರಬೇಕು. ಪ್ರಾಣ ತೆಗೆಯುವ ಅಧಿಕಾರ ನನಗೂ ಇಲ್ಲ, ನಿಮಗೂ ಇಲ್ಲ."

ಜನ ಗೊಣಗುತ್ತ ಚದುರಿದರು. ಹಿರಿಯ ಸೆರೆಗೆ ಹೋದ, ಜೀವ ಉಳಿಸಿಕೊಂಡು.

"ಹಾಗಾದರೆ ಸಂಹಿತೆ ಕಾಪಾಡಿದ್ದು ಒಬ್ಬ ಅಪರಾಧಿಯನ್ನು," ಎಂದ ಶಿಷ್ಯ.

ಗುರುಗಳು ಹೇಳಿದರು: "ಅಂದು ಕೊಲೆಗಾರರಾಗಲಿದ್ದ ಇಡೀ ಊರನ್ನೂ."