ಕೋಲೆಬಸವಗಳ ಮತದಾನ

ಉರುಮೆಯ ಸದ್ದಿಗೆ ತಲೆಯಾಡಿಸಿ ಒಡೆಯನಿಗೆ ಮನೆಮನೆಯ ದವಸ ಗಳಿಸಿಕೊಡುವ ಕೋಲೆಬಸವಗಳು ಒಂದು ಸಂಘ ಕಟ್ಟಿಕೊಂಡಿದ್ದವು. ಒಡೆಯನೊಡನೆ ಇದ್ದ ಕರಾರು ಮುಗಿಯುತ್ತ ಬಂದಾಗ ಅಧ್ಯಕ್ಷನಾದ ಮುದಿ ಬಸವ ಸಭೆ ಕರೆಯಿತು.

“ಹಳೇ ಕರಾರನ್ನೇ ಇನ್ನೊಂದು ವರ್ಷ ಮುಂದುವರಿಸೋಣ ಅಂತ ಒಡೆಯನ ಜೊತೆ ಮಾತಾಗಿದೆ. ನೀವು ಮತ ಹಾಕುವವರೆಗೆ ಅದು ಬರೀ ಮಾತು. ಹೇಗೆ ಹಾಕೋಣ, ಹೇಳಿ.”

“ಒಪ್ಪಿದವರು ತಲೆಯಾಡಿಸಲಿ, ಒಪ್ಪದವರು ಸುಮ್ಮನೆ ನಿಲ್ಲಲಿ” ಎಂದಿತು ಕೆಂದ ಎಂಬ ಎಳೆಯ ಬಸವ. ಗೆದ್ದೇ ಗೆಲ್ಲುತ್ತೇನೆಂಬ ಹುಮ್ಮಸ್ಸು ಅದಕ್ಕೆ. ತನ್ನ ಸವೆದ ಗೊರಸನ್ನೂ ಮೂಗುದಾರದ ಹುಣ್ಣನ್ನೂ ತೋರಿಸಿ, ಕರಾರು ಬೇಡವೆಂದು ಬೆಳಗಿನಿಂದ ಎಲ್ಲರಿಂದಲೂ ಮಾತು ತೆಗೆದುಕೊಂಡಿತ್ತು.

ಬಸವಗಳೆಲ್ಲ ಕಲ್ಲಿನಂತೆ ನಿಂತವು. ಬೇಲಿಯಾಚೆ ನಿಂತಿದ್ದ ಒಡೆಯ ಉರುಮೆ ಬಾರಿಸಿದ. ಅಷ್ಟೂ ತಲೆಗಳು ಒಟ್ಟಿಗೆ ಆಡಿದವು.

ಕೆಂದ ಎಲ್ಲರತ್ತ ತಿರುಗಿ ಗುಡುಗಿತು: “ಥೂ ನಿಮ್ಮ! ಬೆಳಿಗ್ಗೆ ಕೊಟ್ಟ ಮಾತು ಎಲ್ಲಿ ಹೋಯಿತು? ಕೊನೆಗೆ ಬೇಡ ಅಂದವನು ನಾನೊಬ್ಬನೇನಾ?”

ಮುದಿ ಬಸವ ಅದರ ಹತ್ತಿರ ಬಂದು ಮೆಲ್ಲಗೆ ಹೇಳಿತು: “ಉರುಮೆ ಆಗಲೇ ನಿಂತಿತು, ಮಗಾ. ನಿನ್ನ ಕೊರಳ ಗಂಟೆ ಇನ್ನೂ ನಿಂತಿಲ್ಲ.”