ಹುಳದ ಸಾಲು

ಒಂದಾನೊಂದು ಕಾಲದಲ್ಲಿ, ಅವರೆಕಾಯಿ ಸುಲಿದ್ರೂ ಕೈಗೆ ಸೊಗಡು ಅಂಟದೇ ಇದ್ದ ಕಾಲದಲ್ಲಿ, ಹಿರೀರಮ್ಮ ಅಂತ ಒಬ್ಬಳು ಅತ್ತೆ ಇದ್ದಳಂತೆ. ದಿಂಬಿಗೆ ತಲೆ ಇಡು ಮಗಾ, ಮಲಗಿಕೊಂಡೇ ಕೇಳು. ಆ ಹಿರೀರಮ್ಮನ ಅಟ್ಟದ ಮೇಲೆ ಒಂದು ಬಿತ್ತನೆ ಮಡಕೆ, ಅದರಲ್ಲಿ ಬೂದಿ ಬೆರೆಸಿದ ಅವರೆಬೀಜ, ಬಾಯಿಗೆ ಸಗಣಿ ಮೆತ್ತಿ ಇಡೋಳಂತೆ. ಊರಿಗೆಲ್ಲ ಬೀಜ ಹೋಗೋದು ಆ ಮಡಕೆಯಿಂದಲೇ ಅಂತೆ.

ಬೀಜ ಆರಿಸೋದ್ರಲ್ಲಿ ಅವಳದ್ದೊಂದು ಪದ್ಧತಿ. ಕಾಯಿ ಬಲಿಯೋ ಹೊತ್ತಿಗೆ ಹೊಲಕ್ಕಿಳಿದು ಒಂದೊಂದು ಗಿಡಾನೂ ಕೆನ್ನೆಗೆ ಉಜ್ಜಿ ನೋಡೋಳಂತೆ, ಗಿಡದ ಮೈಮೇಲಿನ ಸಣ್ಣ ಮುಳ್ಳುರೋಮ, ಅದೇ ಸುಂಕು, ಚುಚ್ಚಿ ನವೆ ಆಯ್ತೋ, ಕಿತ್ತು ಬೇಲಿ ಆಚೆ. ಆಮೇಲೆ ಕಾಯಿ ಹಿಸುಕಿ ಮೂಸೋಳಂತೆ, ಜಿಡ್ಡು ಅಂಟಿ ಘಾಟು ಹೊಡೀತೋ, ಅದೂ ಬೇಲಿ ಆಚೆ. ಆಮೇಲೆ ಬಳ್ಳಿ ಕೊಡವೋಳಂತೆ, ಇರುವೆ ಉದುರಿದ್ವೋ, ಅದೂ ಬೇಲಿ ಆಚೆ. ಅವಳ ಅತ್ತೆನೂ ಹಂಗೇ ಮಾಡಿದ್ದು, ಅತ್ತೆಯ ಅತ್ತೆನೂ ಹಂಗೇ. ಹಂಗಾಗಿ ಅವರ ಹೊಲದ ಅವರೆ ಬೆಣ್ಣೆ ಥರ ಮೆತ್ತಗೆ ಇತ್ತಂತೆ.

ಮೆತ್ತಗಿದ್ರೆ ನಮಗೊಬ್ಬರಿಗೇನಾ ರುಚಿ? ಹುಳಕ್ಕೂ ರುಚಿ ಕಣೋ. ಕಿರಿ ಸೊಸೆ ಮುದ್ದಕ್ಕ ಹೊಸಿಲು ತುಳಿದ ವರ್ಷವೇ ಊರಿಗೆಲ್ಲ ಹಸಿರು ಹುಳ ಬಿತ್ತಂತೆ. ಕಾಯಿಗೆ ತೂತು ಕೊರೆದು, ತಲೆ ಒಳಗಿಟ್ಟು ಬಾಲ ಆಚೆ ಬಿಟ್ಟು, ತಿಂದಿದ್ದೇ ತಿಂದಿದ್ದು. ಹಿರೀರಮ್ಮ ಟೊಳ್ಳು ಕಾಯಿ ಹಿಡಿದುಕೊಂಡು ಬಂದು, ನೋಡ್ರಪ್ಪ ನನ್ನ ಸೊಸೆ ಕಾಲ್ಗುಣವ ಅಂದಳಂತೆ. ಇನ್ನು ಮೂರು ಬೆಳೆ ನೋಡ್ತೀನಿ ಕಣೇ, ಮಡಕೆ ತುಂಬಿತೋ ಇರು, ಇಲ್ಲಾಂದ್ರೆ ನಿನ್ನ ತವರಿಗೆ ನಡಿ ಅಂದಳಂತೆ. ಗಂಡ ಒಳ್ಳೆಯವನೇ, ಆದ್ರೆ ಅವ್ವನ ಮುಂದೆ ನಾಲಿಗೆ ಏಳದವನು. ಮುದ್ದಕ್ಕನಿಗೆ ಹೊಟ್ಟೆ ಉರಿದುಹೋಯ್ತಂತೆ. ಹುಳ ಏನು ನನ್ನ ಸೀರೆ ಹಿಡ್ಕೊಂಡು ಬಂತಾ ಅಂದ್ಕೊಂಡು ಹೊಲ ಸುತ್ತಿದಳಂತೆ. ಸುತ್ತೋವಾಗ ನೋಡ್ತಾಳೆ, ಬೇಲಿ ಆಚೆ ಅತ್ತೆ ಎಸೆದ ಬಳ್ಳಿಗಳ ಬೀಜ ಅಲ್ಲೇ ಉದುರಿ, ಅಲ್ಲೇ ಹುಟ್ಟಿ, ಕಾಯಿ ಜಗ್ಗಿಕೊಂಡು ನಿಂತಿವೆ, ಒಂದಕ್ಕೂ ತೂತಿಲ್ಲ.

ಮೊದಲನೇ ಬೆಳೆಗೆ ಬೇಲಿ ಆಚೆಯಿಂದ ಬೀಜ ತಂದು ಸುಂಕಿನ ಅವರೆ ಬಿತ್ತಿದಳಂತೆ. ಮರಿ ಹುಳ ಆ ಸುಂಕಲ್ಲಿ ಸಿಕ್ಕಿ, ಕಾಲು ಊರೋಕಾಗದೆ ಒದ್ದಾಡಿ ಬಿದ್ದುಹೋಗೋವಂತೆ. ಮೊದಲ ಕೊಯ್ಲಿಗೆ ಊರೆಲ್ಲ ಭೇಷ್ ಅಂತು. ಅದೇ ಬೆಳೆ ಎರಡನೇ ಕೊಯ್ಲಿಗೆ ಬರೋ ಹೊತ್ತಿಗೆ ಹುಳ ಕಲಿತುಬಿಟ್ಟಿದ್ವು, ಮೊದಲು ಸುಂಕು ನುಣ್ಣಗೆ ಬೋಳಿಸೋದು, ಆಮೇಲೆ ಕಾಯಿ ಕೊರೆಯೋದು. ಎರಡನೇ ಬೆಳೆಗೆ ಘಾಟಿನ ಅವರೆ ಬಿತ್ತಿದಳಂತೆ. ಹುಳಕ್ಕೆ ಬಾಯಿ ಅಂಟಿ, ತಲೆ ತಿರುಗಿ, ಅಯ್ಯಪ್ಪಾ ಅನ್ನಿಸಿಬಿಡ್ತು. ಸ್ವಲ್ಪ ಕಾಲ ಅಷ್ಟೇ. ಆಮೇಲೆ ಅದೇ ವಾಸನೆ ಹಿಡಿದು, ಇಲ್ಲೇ ಊಟ ಬನ್ರೋ ಅಂತ ನೆಂಟರನ್ನೂ ಕರ್ಕೊಂಡು ಬಂದ್ವಂತೆ. ಮೂರನೇ ಬೆಳೆಗೆ ಇರುವೆ ಅವರೆ. ಅದು ಎಲೆಬುಡದಲ್ಲಿ ಒಂದೊಂದು ತೊಟ್ಟು ಸಿಹಿ ಸುರಿಸಿ ಇರುವೆಗಳನ್ನ ಕಾವಲಿಗೆ ಇಟ್ಕೊಂಡಿತ್ತಂತೆ, ಇರುವೆ ಕಚ್ಚಿ ಕಚ್ಚಿ ಹುಳಾನ ಓಡಿಸಿದ್ವು. ಆ ಹುಳ ಎಂಥಾ ಕಿಲಾಡಿ ಅಂತೀಯ, ತನ್ನ ಬೆನ್ನಿಂದಲೇ ಸಿಹಿ ಸುರಿಸೋಕೆ ಶುರು ಮಾಡ್ತು. ಇರುವೆಗಳು ಗಿಡದ ಕಾವಲು ಬಿಟ್ಟು ಹುಳದ ಕಾವಲಿಗೆ ನಿಂತ್ವಂತೆ.

ಮಡಕೆ ತುಂಬಲಿಲ್ಲ. ನಾಳೆ ಹೊರಡು ಅಂದುಬಿಟ್ಟಳಂತೆ ಹಿರೀರಮ್ಮ.

ಮುದ್ದಕ್ಕ ಬದುವಿನ ಮೇಲೆ ಕೂತು ಅತ್ತಳಂತೆ. ಆಗ ಹುಳಗಳ ತಾಯಿ, ಉಗುರಷ್ಟಗಲದ ನೀಲಿ ಚಿಟ್ಟೆ, ಅವಳ ಮೊಣಕಾಲ ಮೇಲೆ ಬಂದು ಕೂತು ಜಂಬ ಕೊಚ್ಚಿತಂತೆ. ನೀವು ಊರಿಗೆಲ್ಲ ಒಂದೇ ಬೀಗ ಹಾಕ್ತೀರ ಕಣಮ್ಮ, ನನ್ನ ರಾಶಿ ಮಕ್ಕಳಲ್ಲಿ ಒಂದಕ್ಕಾದ್ರೂ ಅದರ ಬೀಗದಕೈ ಸಿಗುತ್ತೆ, ಉಳಿದವು ಸತ್ತರೂ ಬೀಗದಕೈ ಸಿಕ್ಕವೇ ಬದುಕಿ ಅಂಥವನ್ನೇ ಮದುವೆ ಆಗ್ತವೆ, ಹುಟ್ಟೋವೆಲ್ಲ ಬೀಗ ತೆಗೆಯೋವೇ ಅಂತು. ಮುದ್ದಕ್ಕ ಕಣ್ಣೊರೆಸಿಕೊಂಡು, ಮೂರು ಬೀಗ ಒಟ್ಟಿಗೆ ಹಾಕಿದ್ರೋ ಅಂದಳು. ಕಷ್ಟ, ಆದ್ರೂ ಹಸಿದೋರು ಇವತ್ತಲ್ಲ ನಾಳೆ ಕಲೀತಾರೆ ಅಂತು ಚಿಟ್ಟೆ. ಹಸಿವೇ ಇಲ್ಲದಿದ್ರೋ ಅಂದಳು. ಚಿಟ್ಟೆ ತಟ್ಟನೆ ಎದ್ದು ಹಾರಿಹೋಯ್ತಂತೆ.

ಅಷ್ಟು ಸಾಕಾಯ್ತು ಅವಳಿಗೆ. ಸೆರಗಿನ ಗಂಟಲ್ಲಿ ಮೂರೂ ಅವರೆಯ ಬೀಜ ಒಂದೊಂದು ಹಿಡಿ ಉಳಿಸಿಕೊಂಡಿದ್ದಳು. ರಾತ್ರೋರಾತ್ರಿ ಮೂರನ್ನೂ ಬೆರೆಸಿ ಹೊಲದ ತುಂಬ ದೂರ ದೂರಕ್ಕೆ ಬಿತ್ತಿದಳಂತೆ. ಆಮೇಲೆ ಅತ್ತೆ ಮಡಕೆಯ ತಳದಲ್ಲಿ ಉಳಿದಿದ್ದ ಬೆಣ್ಣೆ ಅವರೆ ತಂದು ಬದುವಿನ ಪಕ್ಕ ಒಂದೇ ಒಂದು ಸಾಲು ಬಿತ್ತಿ, ತಿನ್ರಪ್ಪ, ಇದು ನಿಮ್ಮ ಪಾಲು ಅಂದಳಂತೆ. ಬೆಳಗ್ಗೆ ಗಂಟು ಹೊತ್ತು ತವರಿಗೆ ಹೋದಳು.

ಮಳೆ ಬಂತು, ಅವರೆ ಎದ್ದಿತು. ಹುಳ ಹೊಲದೊಳಕ್ಕೆ ಹೋದ್ರೆ ಇಲ್ಲಿ ಸುಂಕು, ಪಕ್ಕದಲ್ಲಿ ಘಾಟು, ಅದರಾಚೆ ಇರುವೆ, ಯಾವುದನ್ನ ಅಂತ ಕಲಿಯೋದು. ಸಾಕಪ್ಪಾ ಸಾಕು ಅಂತ ಬದುವಿನ ಸಾಲಿಗೆ ಬಂದು, ತಿಂದು, ಹೊಟ್ಟೆ ಬಿಟ್ಟುಕೊಂಡು ಬಿದ್ದಿರೋವಂತೆ, ನಿಮ್ಮ ಚಿಕ್ಕಪ್ಪನ ಥರ. ಎಲ್ಲೋ ಒಂದು ಜಾಣ ಹುಳ ಒಳಗಡೆ ಬದುಕಿ ಚಿಟ್ಟೆ ಆಯ್ತು ಅನ್ನು, ಅದಕ್ಕೆ ಸಿಗೋ ಗಂಡು ಈ ಸೋಮಾರಿ ಸಾಲಿನದ್ದೇ. ಮಕ್ಕಳು ಅಪ್ಪನ ಥರಾನೇ ಹುಟ್ಟಿದ್ವು, ಬೋಳಿಸೋಕೂ ಬರದು, ಘಾಟು ತಡೆಯೋಕೂ ಆಗದು.

ಹುಲ್ಲು ಕೊಯ್ಯೋಕೆ ಬಂದ ಹಿರೀರಮ್ಮ ನೋಡ್ತಾಳೆ, ಹೊಲದ ತುಂಬ ಗೊಂಚಲು ಗೊಂಚಲು ಅವರೆ. ನಂಬದೆ ಒಂದು ಬಳ್ಳಿ ಕೆನ್ನೆಗೆ ಉಜ್ಜಿದಳು, ನವೆ. ಕಾಯಿ ಹಿಸುಕಿದಳು, ಕೈಯೆಲ್ಲ ಜಿಡ್ಡು. ಅಷ್ಟರಲ್ಲಿ ಇರುವೆ ಕಾಲು ಕಚ್ಚಿತು. ಯಾರು ಬಿತ್ತಿದ್ದು ಅಂತ ಕೇಳಬೇಕಾಗಿರಲಿಲ್ಲ.

ಆಮೇಲೆ ಮಡಕೆ ತುಂಬಿಸಿ, ತಲೆ ಮೇಲೆ ಹೊತ್ತು, ತಾನೇ ಸೊಸೆಯ ತವರಿಗೆ ನಡೆದಳಂತೆ. ಮಡಕೆ ಅವಳ ಮುಂದಿಟ್ಟು, ಬೇಲಿ ಆಚೆ ಎಸೆದಿದ್ದೇ ನನ್ನ ಮನೆ ಕಾಯ್ತು ಮುದ್ದಿ, ನಿನ್ನನ್ನೂ ಹಂಗೇ ಎಸೆದುಬಿಟ್ಟೆನಲ್ಲವ್ವ, ಇವತ್ತಿಂದ ಬೀಜ ಆರಿಸೋಳು ನೀನು ಅಂದಳಂತೆ. ಮುದ್ದಕ್ಕನಿಗೆ ಕಣ್ಣು ತುಂಬಿತು, ಆದ್ರೆ ಅತ್ತೆ ಕೆನ್ನೆ ಕೆಂಪಗೆ ಊದಿಕೊಂಡಿರೋದು ನೋಡಿ ನಗು ತಡೆಯೋಕಾಗಲಿಲ್ಲ. ನಗಬೇಡ ಕಣೇ, ಇನ್ನೂ ನವೆ ಅಂತ ಕೆರ್ಕೊಂಡು ಅತ್ತೆನೂ ನಕ್ಕಳಂತೆ. ನಗ್ತಾನೇ ಸೊಸೆಯ ತಲೆ ಮೇಲೆ ಮಡಕೆ ಹೊರಿಸಿ ಊರಿಗೆ ಕರ್ಕೊಂಡು ಬಂದಳು. ಊರ ಜನ ಎದುರು ಬಂದು, ಕಾಲ್ಗುಣ ಅಂದ್ರೆ ಇದು ಕಣ್ರಪ್ಪ ಅಂದ್ರಂತೆ.

ಆವತ್ತಿಂದ ಆ ಊರಲ್ಲಿ ಯಾರೇ ಅವರೆ ಬಿತ್ತಲಿ, ಬದುವಿಗೆ ಒಂದು ಹುಳದ ಸಾಲು ಬಿಟ್ಟೇ ಬಿಡ್ತಾರೆ. ದುಂಬಿ ಓಡಾಡಿ ಓಡಾಡಿ ಅವರೆಗಳೂ ಒಂದಕ್ಕೊಂದು ನೆಂಟರಾದ್ವು, ಆ ಘಾಟೇ ನಮಗೆ ಸೊಗಡಾಯ್ತು. ಎಲ್ಲಿ, ನಿನ್ನ ಕೈ ಮೂಸು. ಸಂಜೆ ನನ್ನ ಜೊತೆ ಕಾಯಿ ಸುಲಿದೆಯಲ್ಲ, ತೊಳೆದ್ರೂ ಹೋಗಿಲ್ಲ ನೋಡು. ಅದು ಮುದ್ದಕ್ಕ ಗೆದ್ದ ವಾಸನೆ. ಅದನ್ನ ಮೂಸಿಕೊಂಡೇ ಕಣ್ಣು ಮುಚ್ಚು, ಕತೆ ಮುಗೀತು ಮಗಾ, ಅವರೆ ಇನ್ನೂ ಹೊಲದಲ್ಲೈತೆ.